ಒಂದು ‘ರೀ’ಗಾಗಿ ಮೂರು ಕರಡು

ಬಾಹ್ಯಾಕಾಶದ ಸೀರಿಯಲ್ ನೋಡಿ ಯಾರಪ್ಪಾ ಅಳ್ತಾರೆ ಅಂತ ಭಾವ ನಕ್ಕಿದ್ದರು. ಹೋದ ಭಾನುವಾರ ಮೊದಲು ಕನ್ನಡಕ ಒರೆಸಿಕೊಂಡವರು ಅವರೇ. ಅಮ್ಮ ಆಮೇಲೆ.

ನೋಡಿದ ಕಂತು: ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ನ ‘ದಿ ಇನ್ನರ್ ಲೈಟ್’, 1992ರದ್ದು. ಬಾಹ್ಯಾಕಾಶ ಹಡಗಿನಲ್ಲಿ ಇಪ್ಪತ್ತೈದು ನಿಮಿಷ ಕಳೆಯೋದರೊಳಗೆ ಅದರ ಕ್ಯಾಪ್ಟನ್ ಪಿಕಾರ್ಡ್, ಎಂದೋ ಸತ್ತ ಗ್ರಹವೊಂದರ ನೆನಪಿನಲ್ಲಿ ಕಾಮಿನ್ ಅನ್ನೋನಾಗಿ, ಎಲೀನ್ ಅನ್ನೋ ಹೆಂಡತಿ ಜೊತೆ ಸುಮಾರು ನಲವತ್ತು ವರ್ಷದ ಬದುಕು ಬದುಕಿಬಿಡ್ತಾನೆ. ಮನೆಯವರಿಗಾಗಿ ಅದಕ್ಕೆ ಕನ್ನಡ ಸಬ್‌ಟೈಟಲ್ ಬರೆದೆ.

ಮೊದಲ ಸಲ ಟೈಪಿಂಗಿಗೆ ಒಬ್ಬರಿಗೆ 1,500 ಕೊಟ್ಟೆ. ‘ನುಡಿ’ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಹೊಡೆದುಕೊಟ್ಟರು. ಟೀವಿಯಲ್ಲಿ ಬರೀ ಗಿಜಿಗಿಜಿ. ಎರಡನೇ ಸಲ ನಾನೇ ಕೂತೆ. ಸಬ್‌ಟೈಟಲ್ ಸಾಫ್ಟ್‌ವೇರ್ ಸಾಲು ಉದ್ದವಾಯ್ತು ಅಂತ ಸಾಲುಸಾಲಿಗೂ ಕೆಂಪು ತೋರಿಸ್ತು. ಅದಕ್ಕೆ ‘ಸ್ತ್ರೀ’ ಅಂದರೆ ಆರು ಅಕ್ಷರ! ನಂಬಿ ಅರ್ಧಕ್ಕರ್ಧ ಕತ್ತರಿಸಿದೆ, ಅಮ್ಮ ಹನ್ನೆರಡನೇ ನಿಮಿಷಕ್ಕೆ ತೂಕಡಿಸಿದರು. ನಡುವೆ ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರಿಗೆ 11,000ದ ಹತ್ತಿರ ಸುರಿದೆ. ಒತ್ತಕ್ಷರವೆಲ್ಲ ಮಸಿ. ಈಗ ಅಟ್ಟದ ಮೇಲಿದೆ.

ತಪ್ಪು ಇದ್ದದ್ದು ಬೇರೆ ಕಡೆ. ನನ್ನ ಕರಡಿನಲ್ಲಿ ಎಲೀನ್ ಗಂಡನಿಗೆ ‘ನೀನು’ ಅಂತಿದ್ದಳು. ಇಂಗ್ಲಿಷಲ್ಲಿ ಎಲ್ಲರಿಗೂ ಒಂದೇ ‘ಯು’, ನಮಗೆ ಹಾಗಾಗುತ್ತಾ? ಅವಳಿಗೆ ಅವನು ಮೊದಲಿಂದಲೂ ಇರೋ ಗಂಡ, ಮೊದಲ ದೃಶ್ಯದಿಂದಲೇ ‘ರೀ’. ಅವನಿಗೆ ಅವಳು ಯಾರೋ ಹೆಂಗಸು, ಹಾಗಾಗಿ ‘ನೀವು’. ಐದು ವರ್ಷ ಕಳೆದು, ಮಗುವಿಗೊಂದು ಕೋಣೆ ಕಟ್ಟಲಾ ಅಂತ ಕೇಳುವಲ್ಲಿ ಮೊದಲ ಸಲ ‘ನೀನು’ ಅನ್ನಿಸಿದೆ. ಅಮ್ಮ ಅಲ್ಲೇ ನೆಟ್ಟಗೆ ಕೂತರು. ಸಾಯುವಾಗ ಎಲೀನ್ ಹೇಳುವ ಮಾತು ಮೊದಲ ಕರಡಿನಲ್ಲಿ ‘ನೆನಪಿಡು, ನಿನ್ನ ಪಾದರಕ್ಷೆಗಳನ್ನು ತೆಗೆದಿಡು’ ಅಂತಿತ್ತು, ದೇವಸ್ಥಾನದ ಬೋರ್ಡಿನ ಹಾಗೆ. ಈಗ: ‘ಶೂ ಎತ್ತಿಡಿ ರೀ, ಮರೀಬೇಡಿ.’ ಭಾವ ಅತ್ತದ್ದು ಇಲ್ಲೇ. (ಮಗನಾಗಿ ನಟಿಸಿರೋದು ಪ್ಯಾಟ್ರಿಕ್ ಸ್ಟೀವರ್ಟರ ಸ್ವಂತ ಮಗ ಡೇನಿಯಲ್. ಅದನ್ನು ಆಮೇಲೆ ಹೇಳಿ ಇನ್ನೊಮ್ಮೆ ಅಳಿಸಿದೆ.)

ಕೊನೆಯಲ್ಲಿ ಪಿಕಾರ್ಡ್ ಕೊಳಲು ನುಡಿಸೋದಕ್ಕೆ ಮುಂಚಿನ ಸಾಲುಗಳ ಟೈಮಿಂಗಲ್ಲೂ ಒಂದು ಕೈಚಳಕ ಮಾಡಿದ್ದೀನಿ. ಅದನ್ನು ಮಾತ್ರ ಕೇಳಬೇಡಿ.

‘ಡಾಕ್ಟರ್ ಹೂ’ ಅನ್ನೋ ಬ್ರಿಟಿಷ್ ಸೀರಿಯಲ್ಲಿನ ‘ಡೂಮ್ಸ್‌ಡೇ’ ಕಂತಿಗೂ ಕೈ ಹಾಕಿದ್ದೆ. ಬೇರೆ ಲೋಕದಲ್ಲಿ ಉಳಿದ ಗೆಳತಿಗೆ ವಿದಾಯ ಹೇಳ್ತಾ ನಾಯಕ ಡಾಕ್ಟರ್ ‘ರೋಸ್ ಟೈಲರ್’ ಅಂತ ಅವಳ ಹೆಸರು ಹೇಳುವಷ್ಟರಲ್ಲೇ ಸಂಪರ್ಕ ಕಡಿದುಹೋಗುತ್ತೆ. ಅತಿಬುದ್ಧಿವಂತಿಕೆಗೆ ‘ನಾನು ನಿನ್ನನ್ನು…’ ಅಂತ ಸೇರಿಸಿದೆ. ಕೆಟ್ಟಿತು.

ಈಗ ಇನ್ನೊಂದು ಸ್ಟಾರ್ ಟ್ರೆಕ್ ಸೀರಿಯಲ್ ‘ಡೀಪ್ ಸ್ಪೇಸ್ ನೈನ್’ನ ‘ದಿ ವಿಸಿಟರ್’ ಕಂತು ಹಿಡಿದಿದ್ದೀನಿ. ಕಾಲದ ಸುಳಿಯಲ್ಲಿ ಸಿಕ್ಕ ಅಪ್ಪ ಇದ್ದ ವಯಸ್ಸಿನಲ್ಲೇ ಇದ್ದಾನೆ, ಮಗ ಜೇಕ್ ಹಣ್ಣುಹಣ್ಣು ಮುದುಕ. ಆ ಮುದುಕ ಅಪ್ಪನಿಗೆ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ? ಎರಡು ವಾರದಿಂದ ಅಲ್ಲೇ ನಿಂತಿದ್ದೀನಿ.