ಗಿರಾಕಿಗಳ ನಂಬರು ನಮ್ಮಲ್ಲೇ ಉಳಿಯುವಂತೆ ಮಾಡಿದ್ದು: ನನ್ನ ಅನುಭವ

ನಾನು ಇಳಕಲ್ ಸೀರೆಯನ್ನು ನೇಕಾರರಿಂದ ಕೊಂಡು ವಾಟ್ಸ್‌ಆ್ಯಪ್‌ ಮೂಲಕ ಮಾರುವ ಸಣ್ಣ ವ್ಯಾಪಾರಿ. ಮೂರು ವರ್ಷಗಳ ಹಿಂದೆ ನನ್ನ ಗುಂಪಿನಲ್ಲಿ ಸುಮಾರು 240 ಗಿರಾಕಿಗಳಿದ್ದರು. ಗೌರಿ ಹಬ್ಬದ ಹೊತ್ತಿಗೆ ಯಾರೋ ಗಿರಾಕಿಯ ಸೋಗಿನಲ್ಲಿ ಗುಂಪು ಸೇರಿ, ಅಲ್ಲಿ ಎಲ್ಲರಿಗೂ ಕಾಣುವ ನಂಬರುಗಳನ್ನು ಬರೆದುಕೊಂಡು, ಸೆರಗನ್ನು ಸೀರೆಯ ಒಡಲಿಗೆ ಎಳೆಎಳೆಯಾಗಿ ಜೋಡಿಸುವ ಕೊಂಡಿಯೇ ಇಲ್ಲದ ಪವರ್‌ಲೂಮ್ ಸೀರೆಗಳನ್ನು ಕೈಮಗ್ಗದವೆಂದು ಅವರಿಗೆ ಮಾರಿದರು. ಅವು ನನ್ನವೇ ಎಂದು ತಿಳಿದು ಹಲವರು ನನ್ನಿಂದ ಕೊಳ್ಳುವುದನ್ನೇ ಬಿಟ್ಟರು. ಆ ಹಬ್ಬದಲ್ಲಿ ನನಗಾದ ನಷ್ಟ 35 ಸಾವಿರಕ್ಕೆ ಕಡಿಮೆಯಿಲ್ಲ.

ಗುಂಪನ್ನು ಮುಚ್ಚಿ, ಒಂದೇ ಸಂದೇಶವನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಮುಟ್ಟಿಸುವ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡುತ್ತೇನೆಂದಾಗ ಜೊತೆಯ ವ್ಯಾಪಾರಿಗಳೆಲ್ಲ ಬೇಡವೆಂದರು. ಮೊದಲಿಗೆ ಅವರ ಮಾತೇ ನಿಜವಾಯಿತು. ಆ ಪಟ್ಟಿಯಲ್ಲಿ 256 ಮಂದಿಗೆ ಜಾಗವಿದ್ದರೂ, ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಎರಡು ವಾರ ಮಾರಾಟವೇ ಇಲ್ಲದಾದ ಮೇಲೆ ಸಂದೇಶದ ಮಾಹಿತಿ ತೆರೆದು ನೋಡಿದೆ. ತಲುಪಿದ್ದು 70 ಜನಕ್ಕೆ. ಆಗ ಒಬ್ಬೊಬ್ಬರಿಗೂ ಕರೆ ಮಾಡಿ, ನಂಬರು ಸೇವ್ ಮಾಡಿಕೊಂಡವರಿಗೆ ಮುಂದಿನ ಸೀರೆಗೆ ಫಾಲ್ ಮತ್ತು ಪಿಕೊ ಉಚಿತವೆಂದೆ. ಅದಕ್ಕೆ ಒಟ್ಟು ಒಂಬತ್ತು ಸಾವಿರದಷ್ಟು ಖರ್ಚಾಯಿತು, ಆದರೆ ನಾಲ್ಕು ತಿಂಗಳಲ್ಲಿ ತಲುಪುವವರು 180 ದಾಟಿದರು. ಈಗ ಒಬ್ಬ ಗಿರಾಕಿಯ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರವೂ ನನಗೊಬ್ಬನಿಗೇ ಬರುತ್ತದೆ. ಆಗ ಬೇಡವೆಂದವರಲ್ಲಿ ಇಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ.

ಇದರ ನಡುವೆ ನನ್ನದೇ ಮಾಹಿತಿ ಎಲ್ಲಿಂದ ಸೋರುತ್ತಿದೆ ಎಂದು ತಿಳಿಯುವ ಹಟ ಹುಟ್ಟಿತು. ಪ್ರದರ್ಶನದ ನೋಂದಣಿ, ಜಾಹೀರಾತು ತಾಣ, ಬಿಲ್ಲಿಂಗ್ ಆ್ಯಪ್, ಹೀಗೆ ಐದು ಕಡೆ ಒಂದೇ ಹೆಸರಿನ ಹಿಂದೆ ಐದು ಬೇರೆ ಇನಿಷಿಯಲ್ ಕೊಟ್ಟೆ. ಹತ್ತು ಹನ್ನೆರಡು ದಿನ ಕಳೆದಿರಬೇಕು, “ನಿಮಗೆ ವ್ಯಾಪಾರ ಸಾಲ ಮಂಜೂರಾಗಿದೆ” ಎಂದು ಕರೆ ಮಾಡಿದ ಹುಡುಗಿ ನನ್ನನ್ನು ಕರೆದದ್ದು ಬಿಲ್ಲಿಂಗ್ ಆ್ಯಪಿಗೆ ಮಾತ್ರ ಕೊಟ್ಟಿದ್ದ ಇನಿಷಿಯಲ್‌ನಿಂದ. ಅದೇ ಆ್ಯಪಿಗೆ ಫೋನಿನ ಸಂಪರ್ಕಗಳನ್ನೆಲ್ಲ ನೋಡುವ ಅನುಮತಿಯನ್ನು ನಾನೇ ಕೊಟ್ಟಿದ್ದೆ. ಫೋನಿನಿಂದ ಆ್ಯಪ್ ತೆಗೆದರೆ ಅವರ ಬಳಿಯಿರುವ ಮಾಹಿತಿ ಅಳಿಯುವುದಿಲ್ಲವಾದ್ದರಿಂದ ಮೂರು ಸಲ ಇಮೇಲ್ ಬರೆದೆ. ಮೂರನೆಯದಕ್ಕೆ, ಸುಮಾರು 40 ದಿನಗಳ ನಂತರ, ಅಳಿಸಿದ್ದೇವೆಂಬ ಒಂದು ಸಾಲಿನ ಉತ್ತರ ಬಂತು. ಈಗ ನನ್ನ ಲೆಕ್ಕವೆಲ್ಲ ಇಂಟರ್ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲಿ ಮತ್ತು ಖಾತೆ ಪುಸ್ತಕದಲ್ಲಿದೆ.

ಯುಪಿಐ ಐಡಿಯಲ್ಲಿದ್ದ ಮೊಬೈಲ್ ನಂಬರನ್ನು ತೆಗೆದು ಅಂಗಡಿಯ ಹೆಸರು ಹಾಕಿಸಿದೆ, ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟೆ. ಜಿಎಸ್‌ಟಿ ಸಂಖ್ಯೆಯಿಂದ ಹುಡುಕಿದರೆ ವ್ಯಾಪಾರದ ವಿಳಾಸ ಯಾರಿಗೂ ಕಾಣುವುದರಿಂದ, ಮನೆ ವಿಳಾಸದ ಬದಲು ಬಾಡಿಗೆ ಮಳಿಗೆಯ ವಿಳಾಸಕ್ಕೆ ತಿದ್ದುಪಡಿ ಮಾಡಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದ ಮೇಲೆ, ಹೆಸರು ತೆಗೆಯಿರಿ ಎಂದವರ ಸಾಲನ್ನು ಅದೇ ದಿನ ಹೊಡೆದುಹಾಕುತ್ತೇನೆ.

ಇನ್ನೊಂದು ಉಪಾಯವನ್ನು ಅರ್ಧ ಮಾತ್ರ ಹೇಳುತ್ತೇನೆ. ನನ್ನ ಗಿರಾಕಿಗಳ ಪಟ್ಟಿಯೊಳಗೆ ನನ್ನದೇ ಇನ್ನೊಂದು ನಂಬರು ಬೇರೆ ಹೆಸರಿನಲ್ಲಿದೆ. ಯಾವ ಹೆಸರೆಂದು ಅಂಗಡಿಯ ಹುಡುಗನಿಗೂ ಗೊತ್ತಿಲ್ಲ. ಕಳೆದ 14 ತಿಂಗಳಲ್ಲಿ ಆ ಫೋನಿಗೆ ನನ್ನ ಸೀರೆಗಳ ಚಿತ್ರದ ಹೊರತು ಬೇರೆ ಯಾವ ಸೀರೆಯ ಚಿತ್ರವೂ ಬಂದಿಲ್ಲ.