ತಟ್ಟಿಬೆಟ್ಟೆಯ ಒತ್ತಕ್ಷರವೂ ಗಾಜಿನ ಫ್ಯಾಷನ್ನೂ

ಕಾರ್ಯದರ್ಶಿಗಳ ಮೊದಲ ಬೇಡಿಕೆಯೇ ಗಾಜು. ಶಿರಸಿ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ದಿನದ ಧಾರಣೆ ತೋರಿಸುವ ವೆಬ್‌ಸೈಟ್ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಆಪಲ್ ಕಂಪನಿ 2025ರ ಜೂನ್‌ನಲ್ಲಿ ‘ಲಿಕ್ವಿಡ್ ಗ್ಲಾಸ್’ ವಿನ್ಯಾಸವನ್ನು ಪ್ರಕಟಿಸಿದ ಮೇಲೆ ಕೆಲಸ ಕೊಡುವವರೆಲ್ಲ ಅದನ್ನೇ ಕೇಳತೊಡಗಿದ್ದಾರೆ: ಹಿಂದಿನ ಚಿತ್ರ ಮಸುಕಾಗಿ ಕಾಣುವ ಪಾರದರ್ಶಕ ಪಟ್ಟಿ, ಅದರ ಮೇಲೆ ತೇಲುವ ಅಕ್ಷರ. “ನಮ್ಮದೂ ಹಾಗೇ ಇರಲಿ, ಹಿಂದೆ ತೋಟದ ಫೋಟೋ ಹಾಕಿಬಿಡಿ” ಎಂದರು.

ಬೇಡವೆಂದು ವಾದಿಸುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಮಾಡಿದೆ. ಸಂಘದ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಅವರದೇ ಫೋನಿನಲ್ಲಿ ತೆರೆಯಲು ಹೇಳಿದೆ. ಸೋಗೆಯ ಎಳೆಗಳು ಅಂಕಿಗಳ ಹಿಂದೆ ಹಾದುಹೋಗಿ 3 ಯಾವುದು, 8 ಯಾವುದು ಎಂದು ತಿಳಿಯದಾಯಿತು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರ ಇರಬೇಕೆಂಬುದು ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ. ಗಾಜಿನ ಕೆಳಗೆ ಚಿತ್ರ ಸರಿಯುತ್ತಿದ್ದರೆ ಆ ಅಂತರ ಪ್ರತಿ ಸ್ಕ್ರೋಲಿಗೂ ಬದಲಾಗುತ್ತದೆ. ಮಸುಕನ್ನು ಪ್ರತಿ ಬಾರಿ ಹೊಸದಾಗಿ ಲೆಕ್ಕಹಾಕಬೇಕಾದ್ದರಿಂದ ಅಗ್ಗದ ಫೋನುಗಳು ತಡವರಿಸುತ್ತವೆ ಕೂಡ. ಗಾಜನ್ನು ದಟ್ಟಗೊಳಿಸುವ ಆಯ್ಕೆಯನ್ನು ಆಮೇಲೆ ಆಪಲ್ಲೇ ಕೊಡಬೇಕಾಯಿತು. ಕಾರ್ಯದರ್ಶಿಗಳು ಫೋನನ್ನು ನೆರಳಿಗೆ ಹಿಡಿದು ಒಮ್ಮೆ ನೋಡಿದರು, “ಬಿಡಿ ಹಾಗಾದರೆ” ಎಂದರು.

ಹೊಸ ವಿನ್ಯಾಸ ಯಾವುದೇ ಬರಲಿ, ನಾನು ಅದನ್ನು ಮೊದಲು ಪರೀಕ್ಷಿಸುವುದು ಕನ್ನಡದ ಕೆಲವು ಪದಗಳ ಮೇಲೆ. ಈ ಕೆಲಸಕ್ಕೆ ತಟ್ಟಿಬೆಟ್ಟೆ (ಅಡಿಕೆಯ ಒಂದು ಬಗೆ), ಗರಿಷ್ಠ, ಕನಿಷ್ಠ, ರಾಷ್ಟ್ರೀಕೃತ ಸಾಕಾದವು. ವಿನ್ಯಾಸದ ಫ್ಯಾಷನ್ನುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಮೇಲೆ ಹುಟ್ಟಿ ಬೆಳೆದವು. ಸಾಲಿನ ಕೆಳಗೆ ಇನ್ನೊಂದು ಮಹಡಿ ಇರುವ ಲಿಪಿಯನ್ನು ಅವು ಎಣಿಸಿಯೇ ಇರುವುದಿಲ್ಲ. ಈಗ ದಪ್ಪ ಶೀರ್ಷಿಕೆಗಳ ಅಕ್ಷರಗಳನ್ನು ಒಂದಕ್ಕೊಂದು ಒತ್ತಿ ಕೂರಿಸುವುದು ರೂಢಿ. ಕನ್ನಡದಲ್ಲಿ ಹಾಗೆ ಮಾಡಿದರೆ ಒತ್ತು ಪಕ್ಕದ ಅಕ್ಷರದ ಬುಡಕ್ಕೆ ಹೋಗಿ ತಗಲುತ್ತದೆ. ಕೋಡ್ ಬರೆಯಲು ಎಐ ನೆರವು ನಾನೂ ಪಡೆಯುತ್ತೇನೆ; ಅದು ಪ್ರತಿ ಸಲ ಸಣ್ಣ ತಲೆಬರಹಗಳಿಗೆ ದೊಡ್ಡಕ್ಷರದ (ಕ್ಯಾಪಿಟಲ್) ಆದೇಶ ಬರೆದು, ಅಕ್ಷರಗಳ ನಡುವೆ ಅಂತರವನ್ನೂ ಹಾಕಿ ಕೊಡುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲದ ಲಿಪಿಯಲ್ಲಿ ಆ ಆದೇಶದಿಂದ ಏನೂ ಆಗುವುದಿಲ್ಲ, ಹಲ್ಲುದುರಿದಂಥ ಅಂತರ ಮಾತ್ರ ಉಳಿಯುತ್ತದೆ. ಅವನ್ನೆಲ್ಲ ಅಳಿಸಿ, ಬಣ್ಣ ಮತ್ತು ದಪ್ಪದಿಂದಲೇ ತಲೆಬರಹಗಳ ಮೇಲು ಕೆಳಗು ತೋರಿಸಿದೆ.

ಸಾಲಿನ ಎತ್ತರ ಅಕ್ಷರದ ಅಳತೆಯ 1.5 ಪಟ್ಟು ಎಂದು ವೆಬ್‌ಸೈಟ್ ಕಟ್ಟುವ ಹಲವು ಸಿದ್ಧ ಚೌಕಟ್ಟುಗಳು ಇಟ್ಟುಕೊಂಡಿರುತ್ತವೆ. ನಾನು 1.7ಕ್ಕೆ ಏರಿಸಿದೆ. ಗುಂಡಿಗಳ ಎತ್ತರವನ್ನು ಪಿಕ್ಸೆಲಿನಲ್ಲಿ ಬಿಗಿಯುವುದನ್ನು ಬಿಟ್ಟು, ಪದಕ್ಕೆ ತಕ್ಕಂತೆ ಬೆಳೆಯಲು ಬಿಟ್ಟೆ. ಇಲ್ಲವಾದರೆ ‘ಗರಿಷ್ಠ’ದ ಕೆಳಗಿನ ಠಕಾರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಲಿಂಕಿನ ಅಡಿಗೆರೆಯದು ಇನ್ನೊಂದು ರಗಳೆ. ಬ್ರೌಸರ್ ಅದನ್ನು ಒತ್ತಕ್ಷರ ಬಂದಲ್ಲೆಲ್ಲ ತುಂಡರಿಸುತ್ತದೆ, ತಟ್ಟಿಬೆಟ್ಟೆಯ ಕೆಳಗೆ ಗೆರೆಯ ಚೂರುಗಳಷ್ಟೇ ಉಳಿಯುತ್ತವೆ. ಗೆರೆಯನ್ನು ಒತ್ತಿನಿಂದಲೂ ಕೆಳಗಿಳಿಸುವ ಸೌಲಭ್ಯ, ಪುಟದ ರೂಪ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ ಇದೆ. ಒಂದೇ ಸಾಲಿನ ಕೋಡ್.

ನಿಜಕ್ಕೂ ಕೈಹಿಡಿದ ಹೊಸತನವೆಂದರೆ ವೇರಿಯಬಲ್ ಫಾಂಟ್. 2016ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಅಡೋಬಿ ನಾಲ್ಕೂ ಒಟ್ಟಾಗಿ ಪ್ರಕಟಿಸಿದ ತಂತ್ರವಿದು. ಒಂದೇ ಕಡತದಲ್ಲಿ ತೆಳುವಿನಿಂದ ದಪ್ಪದವರೆಗಿನ ಎಲ್ಲ ಮಜಲುಗಳೂ ಸಿಗುತ್ತವೆ. ಮುಂಬೈನ ಏಕ್ ಟೈಪ್ ಬಳಗದ ‘ಅನೇಕ್ ಕನ್ನಡ’ದಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು, ಬಳಕೆಗೆ ಹಣ ಕೊಡಬೇಕಿಲ್ಲ. ಧಾರಣೆ ಪಟ್ಟಿಯಲ್ಲಿ ಬಗೆ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಅಂಕಣ. ಸಣ್ಣ ಪರದೆಯಲ್ಲಿ ಬಗೆಯ ಹೆಸರುಗಳ ಅಗಲವನ್ನು ಸ್ವಲ್ಪ ಕುಗ್ಗಿಸಿದ್ದರಿಂದ ಚಾಲಿ, ರಾಶಿ, ಕೆಂಪುಗೋಟು, ಬಿಳಿಗೋಟು ಎಲ್ಲವೂ ಮುರಿಯದೆ ಒಂದೊಂದೇ ಸಾಲಿನಲ್ಲಿ ನಿಂತವು. ಅಕ್ಷರದ ಗಾತ್ರ ಇಳಿಸಬೇಕಾಗಲಿಲ್ಲ. ಧಾರಣೆ ನೋಡುವವರಲ್ಲಿ ಕನ್ನಡಕ ಹುಡುಕುವ ವಯಸ್ಸಿನವರೇ ಹೆಚ್ಚು.

ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್‌ಗೂ ಇದೇ ಫಾಂಟ್ ನೆರವಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರ ತಾನು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಕನ್ನಡದ ಸುರುಳಿಗಳ ಒಳಗಿನ ಖಾಲಿ ಜಾಗ ಮಾತ್ರ ತುಂಬಿಹೋದಂತಾಗಿ ಷ, ಪ ಒಂದೇ ಎನ್ನಿಸತೊಡಗುತ್ತವೆ. ಹಾಗಾಗಿ ಹಗಲಿನ ರೂಪದಲ್ಲಿ 400 ಇದ್ದ ದಪ್ಪವನ್ನು ರಾತ್ರಿಯ ರೂಪದಲ್ಲಿ 360ಕ್ಕೆ ಇಳಿಸಿದೆ.

ಫಾಂಟ್ ಕಡತ ಚಿಕ್ಕದಾಗಲೆಂದು ಬೇಡದ ಅಕ್ಷರಗಳನ್ನು ಕಿತ್ತುಹಾಕುವವರು ಒಂದು ಎಚ್ಚರ ವಹಿಸಬೇಕು. ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಗಳಿಗೆ ಸ್ವಂತ ಸಂಖ್ಯೆಯಿಲ್ಲ, ಅವು ಫಾಂಟಿನೊಳಗಿನ ಜೋಡಣೆಯ ನಿಯಮಗಳಿಂದ ಮೂಡುತ್ತವೆ. ಆ ನಿಯಮಗಳು ಹೋದರೆ ಪುಟವೆಲ್ಲ ಬಿಡಿ ಅರ್ಧಾಕ್ಷರಗಳ ಸಾಲು. ರೂಪಾಯಿ ಚಿಹ್ನೆಯೂ ಯೂನಿಕೋಡ್‌ನ ಕನ್ನಡ ವಲಯದಲ್ಲಿ ಇಲ್ಲ, ರಾಜ್‌ಕುಮಾರ್ ಎಂದು ಸರಿಯಾಗಿ ಬರೆಯಲು ಬೇಕಾದ ಕಣ್ಣಿಗೆ ಕಾಣದ ಗುರುತೂ ಇಲ್ಲ. ಎರಡನ್ನೂ ನೆನಪಿಟ್ಟು ಸೇರಿಸಬೇಕು.

ಮುಖಪುಟವನ್ನು ಚಿಕ್ಕದೊಡ್ಡ ಚೌಕಗಳಾಗಿ ಹಂಚುವ ಬೆಂಟೋ ವಿನ್ಯಾಸವನ್ನು ಮಾತ್ರ ಸಂತೋಷದಿಂದಲೇ ಒಪ್ಪಿಕೊಂಡೆ. ಹಿಂದೆ ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುತ್ತಿದ್ದೆವು. ಈಗ ಪ್ರತಿ ಚೌಕವೂ ತನಗೆ ಸಿಕ್ಕ ಜಾಗವನ್ನು ನೋಡಿಕೊಂಡು ತಾನೇ ಬದಲಾಗಬಲ್ಲದು. 2023ರ ಆರಂಭದಲ್ಲಿ ಫೈರ್‌ಫಾಕ್ಸ್ ಕೂಡ ಸೇರಿಕೊಂಡ ಮೇಲೆ ಈ ಸೌಲಭ್ಯ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಅದೇ ಧಾರಣೆ ಚೌಕ ಮುಖಪುಟದಲ್ಲಿ ಅಗಲವಾಗಿ ನಾಲ್ಕೂ ಅಂಕಣ ತೋರಿಸುತ್ತದೆ, ಸುದ್ದಿಪುಟದ ಅಂಚಿನಲ್ಲಿ ಕುಗ್ಗಿ ಸರಾಸರಿಯನ್ನಷ್ಟೇ ಹೇಳುತ್ತದೆ.

ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು ವೆಬ್ ಸುಲಭಲಭ್ಯತೆಯ ಅದೇ ಮಾರ್ಗಸೂಚಿಯ 2023ರ ಆವೃತ್ತಿ ಹೇಳುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ನಡುವೆ ಹೆಬ್ಬೆರಳಿನಿಂದ ಒತ್ತುವುದು, 48 ಇಟ್ಟೆ.

ಸಮಿತಿಯ ಕಿರಿಯ ನಿರ್ದೇಶಕರೊಬ್ಬರು ಎಐ ಚಾಟ್ ಪೆಟ್ಟಿಗೆ ಕೇಳಿದರು. ಸದಸ್ಯತ್ವ, ಸಾಲದ ಅರ್ಜಿಯಂಥ ವಿಷಯಗಳಿಗಾದರೆ ನೋಡೋಣ, ಧಾರಣೆಗೆ ಬೇಡ ಎಂದೆ. ಕ್ವಿಂಟಲ್ ಲೆಕ್ಕದಲ್ಲಿ ಮಾರುವವರಿಗೆ ಸುಮಾರಾಗಿ ಸರಿಯಾದ ಉತ್ತರ ಕೊಟ್ಟರೆ ಬೈಸಿಕೊಳ್ಳುವುದು ಸಂಘ. ಧಾರಣೆ ಹೇಗೂ ಊರೆಲ್ಲ ಓಡಾಡುವುದು ವಾಟ್ಸ್‌ಆ್ಯಪ್‌ನಲ್ಲೇ. ಹಾಗಾಗಿ ಪಟ್ಟಿಯ ಕೆಳಗೊಂದು ಗುಂಡಿ ಇಟ್ಟೆ: ಒತ್ತಿದರೆ ದಿನಾಂಕ ಸಮೇತ ಇಡೀ ಪಟ್ಟಿ ಬರಿಯ ಅಕ್ಷರಗಳ ಸಂದೇಶವಾಗಿ ಹೋಗುತ್ತದೆ. ಚಿತ್ರವಿಲ್ಲ, ಲಾಂಛನವಿಲ್ಲ. ನಿರ್ದೇಶಕರಿಗೆ ಲಾಂಛನ ಇಲ್ಲದ್ದು ಈಗಲೂ ಹಿಡಿಸಿಲ್ಲ.