ಬರುವ ಬಸ್ ಕೇಳಿಕೊಂಡು ಹೊರಡಿ: ಹೊಲದ ದಾರಿಯಲ್ಲಿ ಒಂದು ದಿನದ ನಡಿಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳ್ಳಿಗಾಡಿನಲ್ಲಿ ಒಂದು ದಿನ ನಡೆದು ಬರಬೇಕೆನ್ನುವವರು ಹೋಗುವ ಬಸ್ಸಿಗಿಂತ ಮೊದಲು ಬರುವ ಬಸ್ಸಿನ ವೇಳೆಯನ್ನು ವಿಚಾರಿಸಬೇಕು. ಸಂಜೆ ಹಳ್ಳಿಗೆ ಹೋಗುವ ಕೊನೆಯ ಬಸ್ ಎಷ್ಟೋ ಊರುಗಳಲ್ಲಿ ರಾತ್ರಿ ಅಲ್ಲಿಯೇ ತಂಗಿ, ಮರುದಿನ ನಸುಕಿನಲ್ಲಿ ಪಟ್ಟಣಕ್ಕೆ ಹೊರಡುತ್ತದೆ. ಇದನ್ನು ವಸ್ತಿ ಬಸ್ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಈ ವ್ಯತ್ಯಾಸ ತಿಳಿಯದೆ, ಸಂಜೆ ಹನುಮಂತ ದೇವರ ಗುಡಿಯ ಮುಂದೆ ಬಂದು ನಿಂತ ಬಸ್ಸನ್ನು ಹತ್ತಿ ಕುಳಿತಿದ್ದೆ. ಚಾಲಕರು ಹಾಸಿಗೆ ಸುರುಳಿಯನ್ನು ಬಿಚ್ಚುತ್ತ, "ಇದು ವಸ್ತಿ ಗಾಡಿ ರೀ, ನಾಳಿ ಮುಂಜಾನಿ ಆರಕ್ಕ ಹೋಗ್ತದ ನೋಡ್ರಿ" ಎಂದರು. ಆ ರಾತ್ರಿ ಅದೇ ಊರಿನ ಒಂದು ಮನೆಯವರು ಊಟ ಹಾಕಿ, ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟರು. ಮನೆಯಲ್ಲಿ ಕಾಯುವವರಿಗೆ ಅಂಥ ಆತಂಕ ಕೊಡಬಾರದೆಂದು ಅಂದಿನಿಂದ ನಡಿಗೆಯ ಯೋಜನೆಯನ್ನು ನಾನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ.

ಲೆಕ್ಕ ಸರಳವಾಗಿದೆ. ಹಿಂದಿನ ದಿನವೇ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಅವರನ್ನು ಕಂಡು, ಆ ಊರಿನಿಂದ ಹೊರಡುವ ಕೊನೆಯ ಎರಡು ಬಸ್ಸುಗಳ ವೇಳೆಯನ್ನು ಬರೆದುಕೊಳ್ಳಿ. ಕೊನೆಯದನ್ನು ಆಪತ್ತಿಗೆ ಇಟ್ಟುಕೊಂಡು, ಅದರ ಹಿಂದಿನದನ್ನೇ ನಿಮ್ಮ ಬಸ್ ಎಂದು ಭಾವಿಸಿ. ಆ ವೇಳೆಗೆ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿ ಇರುವಂತೆ ನಡಿಗೆಯ ಗಂಟೆಗಳನ್ನು ಕಳೆಯುತ್ತ ಬಂದರೆ, ಬೆಳಿಗ್ಗೆ ಯಾವ ಬಸ್ ಹಿಡಿಯಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಹೊಲದ ದಾರಿಯಲ್ಲಿ ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊರಿಗೆ ಇಳಿದ ಕೂಡಲೇ ನಿಲ್ದಾಣದ ಪಕ್ಕದ ಚಹಾದ ಅಂಗಡಿಯಲ್ಲಿ ಅದೇ ವೇಳೆಯನ್ನು ಇನ್ನೊಮ್ಮೆ ಕೇಳಿ. ಜಾತ್ರೆ, ಸಂತೆಯ ದಿನ ಬಸ್ಸಿನ ವೇಳೆ ಹಿಂದುಮುಂದಾಗುವುದುಂಟು, ಅದು ಊರವರಿಗೇ ಗೊತ್ತಿರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯುತ್ತಿರುವುದರಿಂದ, ಅಕ್ಕತಂಗಿಯರು, ಗೆಳತಿಯರು ಗುಂಪಾಗಿ ಹೊರಡಲು ಖರ್ಚಿನ ಅಡ್ಡಿ ಉಳಿದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿಯನ್ನು ಮರೆಯದೆ ಇಟ್ಟುಕೊಳ್ಳಿ.

ಕಾಲ ಮತ್ತು ಮಣ್ಣು

ನಮ್ಮ ಭಾಗದಲ್ಲಿ ನಡಿಗೆಗೆ ಒಳ್ಳೆಯ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಯಲಿನಲ್ಲಿ ಮರದ ನೆರಳು ವಿರಳ. ಆ ತಿಂಗಳುಗಳಲ್ಲಿ ಹೊರಡಲೇಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಮಳೆಗಾಲದಲ್ಲಿ ತೊಂದರೆ ಬೇರೆ ಬಗೆಯದು. ಎರೆ ಹೊಲದಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಕರಿ ಮಣ್ಣು ಚಪ್ಪಲಿಯ ಅಡಿಗೆ ಮೆತ್ತಿ, ಅದರ ಮೇಲೆ ಇನ್ನೊಂದು ಪದರ ಹತ್ತಿ, ಕಾಲು ಎತ್ತಿಡುವುದೇ ಕಷ್ಟವಾಗುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ಮುಂದಿನ ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ ಮಣ್ಣು. ಮಳೆ ಬಂದರೆ ಹೊಲದ ಆಸೆ ಬಿಟ್ಟು ಡಾಂಬರು ರಸ್ತೆಗೆ ಬಂದುಬಿಡಿ.

ಒಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು, ತಲೆಗೆ ಟವೆಲ್, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ದಿನ ಕಳೆಯುತ್ತದೆ. ಕಡಕ್ ರೊಟ್ಟಿ ಬಿಸಿಲಿಗೆ ಕೆಡುವುದಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ನಾಣ್ಯ ಬೇಕಾಗುವುದರಿಂದ ಚಿಲ್ಲರೆ ಇರಲಿ.

ಮೊದಲ ನಡಿಗೆಗೆ ಅಷ್ಟೂರು

ಹೊಸಬರಿಗೆ ನಾನು ಹೇಳುವುದು ಬೀದರ್. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ನೇರ ಬಸ್ಸುಗಳಿವೆ, ಸುಮಾರು ಮೂರು ಗಂಟೆಯ ಹಾದಿ. ಬಹಮನಿ ಅರಸರ ಗೋರಿಗಳಿರುವ ಅಷ್ಟೂರು ನಗರದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿದೆ. ಆಟೋ ಸಿಗುತ್ತದೆ, ಆದರೂ ಹಳೆಯ ಊರಿನ ಚೌಬಾರಾ ಎಂಬ ಕಾವಲು ಗೋಪುರದಿಂದ ಹೊರಟು, ಬಹಮನಿ ಅರಸರ ಮಂತ್ರಿ ಮಹಮೂದ್ ಗವಾನ 1472ರಲ್ಲಿ ಕಟ್ಟಿ ಮುಗಿಸಿದ ಮದರಸಾವನ್ನು ನೋಡಿಕೊಂಡು ಊರಾಚೆಗೆ ನಡೆದೇ ಹೋಗಿ. ದಾರಿಯಲ್ಲಿ ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಗೋರಿಯಾದ ಚೌಖಂಡಿ ಸಿಗುತ್ತದೆ. ಹೊರಗಿನಿಂದ ಎಂಟು ಮೂಲೆಯ ಎರಡು ಅಂತಸ್ತಿನ ಕಟ್ಟಡ, ಅದರೊಳಗೆ ಚೌಕಾಕಾರದ ಇನ್ನೊಂದು ಕೋಣೆ. ಬಾಗಿಲ ಸುತ್ತಲಿನ ಕರಿ ಕಲ್ಲಿನ ಕೆತ್ತನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಿ.

ಅಷ್ಟೂರಿನಲ್ಲಿ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಬಹಮನಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲಿಗೆ ಸೀಳಿ ಅರ್ಧ ಮಾತ್ರ ಉಳಿದಿರುವುದರಿಂದ ಗುಮ್ಮಟದ ದಪ್ಪ, ಒಳಗಿನ ಇಟ್ಟಿಗೆಯ ಕಟ್ಟುವಿಕೆ ಕಣ್ಣಿಗೆ ನೇರವಾಗಿ ಕಾಣುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾ ವಲಿಯ ಗೋರಿಯ ಒಳಗೆ ಕತ್ತಲೆ. ನಾನು ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತು, ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಬೆಳಕಿನ ತುಂಡು ಗೋಡೆಯ ಮೇಲೆ ಮೆಲ್ಲಗೆ ಸರಿದಂತೆ ಕೆಂಪು, ನೀಲಿ, ಬಂಗಾರದ ಬಣ್ಣದ ಬಳ್ಳಿಗಳು, ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಈ ವಲಿಯನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ಭಕ್ತರೂ ಇದ್ದಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ವರ್ಷಕ್ಕೊಮ್ಮೆ ಉರುಸಿಗೆ ತಮ್ಮವರೊಡನೆ ಕಾಲ್ನಡಿಗೆಯಲ್ಲಿ ಇಲ್ಲಿಗೆ ಬರುವ ಸಂಪ್ರದಾಯವಿದೆ. ನಮ್ಮ ಒಂದು ದಿನದ ನಡಿಗೆ ಅವರ ಹಾದಿಯ ಕೊನೆಯ ತುಣುಕು ಮಾತ್ರ.

ಸ್ವಲ್ಪ ರೂಢಿಯಾದ ಮೇಲೆ ಸನ್ನತಿ

ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾ ತೀರದಲ್ಲಿದೆ. ಚಿತ್ತಾಪುರಕ್ಕೆ ಹೋಗಿ ಅಲ್ಲಿಂದ ಹಳ್ಳಿ ಬಸ್ ಹಿಡಿಯಬೇಕು. ವಾಪಸ್ ಬಸ್ಸಿನ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಊರುಗಳಲ್ಲಿಯೇ. ಇಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಕಂಡುಬಂತು. ದರ್ಶನ ಮುಗಿಸಿ ಅಲ್ಲಿಂದ ಕನಗನಹಳ್ಳಿಯ ಬೌದ್ಧ ಸ್ತೂಪದ ನೆಲೆಗೆ ನಡೆಯಿರಿ. ರಾಣಿ, ಪರಿಚಾರಿಕೆಯರ ನಡುವೆ ನಿಂತ ಅರಸನ ಉಬ್ಬುಶಿಲ್ಪದ ಮೇಲೆ "ರಾಯ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಫಲಕ ದೊರೆತದ್ದು ಇಲ್ಲಿಯೇ.

ದಾರಿ ತೊಗರಿ ಹೊಲಗಳ ನಡುವೆ ಸಾಗುತ್ತದೆ. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಒಂದು ಕಾಯಿಯನ್ನೂ ಕೇಳದೆ ಕೀಳಬೇಡಿ. ಕುರಿ ಹಿಂಡು ಎದುರಾದರೆ ದೂರದಿಂದಲೇ ಕುರುಬರನ್ನು ಕೂಗಿ ಕರೆಯಿರಿ. ಹಿಂಡಿನ ನಾಯಿಗಳು ಯಜಮಾನನ ಮಾತು ಕೇಳುತ್ತವೆ, ಹೊಸಬರನ್ನು ನಂಬುವುದಿಲ್ಲ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ, ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಭೀಮೆ ಏರುತ್ತಾಳೆ. ನದಿಗೆ ಇಳಿಯುವ ಮುನ್ನ ಊರವರ ಮಾತು ಕೇಳಿ.

ಯಾದಗಿರಿಯವರು ಇಷ್ಟು ದೂರ ಹೋಗಬೇಕಾಗಿಲ್ಲ, ಪಟ್ಟಣದಲ್ಲಿಯೇ ಕೋಟೆಯ ಬೆಟ್ಟವಿದೆ. ಬಿಸಿಲೇರುವ ಮುಂಚೆ ಹತ್ತಿ, ಬಂಡೆ ಕಾಯುವ ಮುಂಚೆ ಇಳಿಯಿರಿ. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅನುಮತಿ ಪಡೆಯಲು ಚಿಂಚೋಳಿಯಲ್ಲಿ ಇಳಿದು ಮೊದಲು ಅವರ ಕಚೇರಿಗೆ ಹೋಗಬೇಕಾದ್ದರಿಂದ, ಆ ವೇಳೆಯನ್ನೂ ಬರುವ ಬಸ್ಸಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.